ಅನ್ವರ್ ಭಾಯಿಯ ಪಿಸ್ತೂಲಿಗೆ ನಾನು ಕೊಟ್ಟ ಸರ್ಟಿಫಿಕೇಟು

ಅಂದು ಅನ್ವರ್ ಭಾಯಿಯ ಗರಾಜಿನಲ್ಲಿ ನಾವು ನಾಲ್ಕು ಜನ ಇದ್ದೆವು. ಅನ್ವರ್ ಭಾಯಿ, ಅವರ ಹೆಂಡತಿ ಶಾಹೀನ್, ನನ್ನ ಹೆಂಡತಿ ಸುಧಾ ಮತ್ತು ನಾನು. ಮಡಚುವ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿಕೊಂಡು ಐದನೆಯವರೊಬ್ಬರು ಮಲಗಿದ್ದರು. ಕಪ್ಪು ಬಣ್ಣ, ದಪ್ಪ ಮೈ, ಮುಖದಲ್ಲಿ ನಗುವಿಲ್ಲ. ಅದು ಪಿಸ್ತೂಲು.

"ಮುಟ್ಟಬಹುದಾ?" ಎಂದಳು ಸುಧಾ.

"ಖಾಲಿ ಇದೆ ಸುಧಮ್ಮಾ, ಮುಟ್ಟಿ. ನಾನು ನೋಡಿದ್ದೀನಿ, ಶಾಹೀನ್ ನೋಡಿದ್ದಾಳೆ, ನಿಮ್ಮ ಯಜಮಾನ್ರೂ ನೋಡಿದ್ದಾರೆ."

ಸುಧಾ ಅದರ ಹಿಡಿಯನ್ನು ಉಗುರಿನಿಂದ ಟಕ್ ಟಕ್ ಎಂದು ತಟ್ಟಿದಳು. "ಅಯ್ಯೋ, ಪ್ಲಾಸ್ಟಿಕ್ಕು ಕಣ್ರೀ ಇದು! ನಮ್ಮನೆ ಬಚ್ಚಲಿನ ಬಕೆಟ್ ಥರಾನೇ ಇದೆ."

"ಪಾಲಿಮರ್," ಎಂದೆ ನಾನು ಗಂಭೀರವಾಗಿ. ಅದಕ್ಕೆ ಮೊದಲು ಆ ಪದವನ್ನು ನಾನು ಬಳಸಿದ್ದು ಪಿ.ಯು.ಸಿ. ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ. ಆಗಲೂ ಉತ್ತರ ತಪ್ಪಾಗಿತ್ತು.

ನಾವಿದ್ದದ್ದು ನ್ಯೂಯಾರ್ಕಿಗೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಓಲ್ಡ್ ಬ್ರಿಡ್ಜ್‌ನಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ. ನಾನು ತಿಪಟೂರಿನವನು, ಅನ್ವರ್ ಭಾಯಿ ಮೈಸೂರಿನ ಮಂಡಿ ಮೊಹಲ್ಲಾದವರು. ಇಬ್ಬರೂ ನ್ಯೂಯಾರ್ಕಿನ ಒಂದೇ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದೆವು. ಅವರು ಪ್ರೋಗ್ರಾಮ್ ಬರೆಯುವುದು, ನಾನು ಅದನ್ನು ಟೆಸ್ಟ್ ಮಾಡಿ ತಪ್ಪು ಹುಡುಕುವುದು. ಬೆಳಗಿನ ಬಸ್ಸಿನಲ್ಲಿ ಅವರು ಬರೆದದ್ದನ್ನು ನಾನು ಬೈಯುವುದು, ಸಂಜೆಯ ಬಸ್ಸಿನಲ್ಲಿ ಅವರು ನನ್ನನ್ನು ಬೈಯುವುದು. ಹೀಗೆ ಸುಖವಾಗಿದ್ದೆವು. ಬ್ಯಾಂಕುಗಳು ಒಂದರ ಮೇಲೊಂದು ಉರುಳಿದ ಆ ವರ್ಷಗಳಲ್ಲಿ ನಮ್ಮದೂ ಉರುಳಿತು. ಅವರಿಗೂ ನನಗೂ ಒಂದೇ ದಿನ ಲೇ ಆಫ್ ಆಯಿತು. ನಾನು ಆಫೀಸಿನ ಫ್ರಿಜ್ಜಿನಲ್ಲಿದ್ದ ನನ್ನ ಮಾವಿನಕಾಯಿ ಉಪ್ಪಿನಕಾಯಿ ಬಾಟಲಿಯನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೂತೆ. ಅನ್ವರ್ ಭಾಯಿ ಕಿಟಕಿಯ ಕಡೆ ನೋಡುತ್ತಾ, "ಮೂರ್ತಿಗಳೇ, ಇವತ್ತು ಬೈಯೋಕೆ ಏನೂ ಇಲ್ಲ ಅಲ್ವಾ?" ಎಂದರು.

ಸುಧಾ ಶಾಲೆಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಳು, ಹಾಗಾಗಿ ನಮ್ಮ ಮನೆ ಹೇಗೋ ನಡೆಯುತ್ತಿತ್ತು. ಪಕ್ಕದ ಮನೆಯಲ್ಲಿ ಹಾಗಿರಲಿಲ್ಲ. ಕೆಲಸ ಹೋದ ಮೇಲೂ ಅನ್ವರ್ ಭಾಯಿ ಬೆಳಿಗ್ಗೆ ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ ಸ್ಟಾಪಿನವರೆಗೆ ನಡೆದು, ಬಸ್ಸು ಹೋಗುವುದನ್ನು ನೋಡಿ ವಾಪಸ್ ಬರುತ್ತಾರೆ ಎಂದು ಶಾಹೀನ್ ಸುಧಾಗೆ ಹೇಳಿ ಅತ್ತಿದ್ದರು. ಚಳಿಗಾಲ ಮುಗಿಯುವುದರೊಳಗೆ ಕೆಲಸ ಸಿಗದಿದ್ದರೆ ಮನೆ ಬ್ಯಾಂಕಿಗೆ ಬಿಟ್ಟುಕೊಟ್ಟು ಹ್ಯೂಸ್ಟನ್ನಿನಲ್ಲಿರುವ ಭಾವನ ಮನೆಗೆ ಹೋಗಬೇಕು. ಮಗಳು ಝೋಯಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಅವಳು ಹುಟ್ಟಿದಾಗ ಆಸ್ಪತ್ರೆಯಿಂದ ಕರೆತಂದದ್ದು ನಮ್ಮ ಕಾರಿನಲ್ಲಿ. ನಮಗೆ ಮಕ್ಕಳಿಲ್ಲ. ಅವಳ ಬಿಸಿಬೇಳೆಬಾತಿನ ತಟ್ಟೆ ನಮ್ಮ ಅಡುಗೆಮನೆಯಲ್ಲೇ ಇರುತ್ತಿತ್ತು.

ಆಗ ಸಿಕ್ಕಿದ್ದು ಈ ಅವಕಾಶ. ಮಾರಿಸ್‌ಟೌನಿನಲ್ಲಿ ಒಂದು ದೊಡ್ಡ ಆಫೀಸ್ ಕಟ್ಟಡಕ್ಕೆ ಬಂದೂಕುಧಾರಿ ಕಾವಲುಗಾರರು ಬೇಕಿದ್ದರು. ಪಿಸ್ತೂಲು ಅಭ್ಯರ್ಥಿಯದೇ ಆಗಿರಬೇಕು. ಲೈಸೆನ್ಸ್ ಪಡೆದು, ಗುರಿ ಹೊಡೆಯುವ ಪರೀಕ್ಷೆ ಪಾಸಾದರೆ ಕೆಲಸ.

"ಅನ್ವರ್ ಅಂತ ಹೆಸರಿಟ್ಕೊಂಡು ಸೊಂಟಕ್ಕೆ ಪಿಸ್ತೂಲು ಕಟ್ಕೊಂಡ್ರೆ ಈ ದೇಶದಲ್ಲಿ ಜನ ಏನಂತಾರೆ?" ಎಂದಿದ್ದರು ಶಾಹೀನ್.

"ಸೆಕ್ಯೂರಿಟಿ ಅಂತಾರೆ," ಎಂದರು ಅನ್ವರ್ ಭಾಯಿ. "ಅಂಗಿ ಮೇಲೆ ಬರೆದಿರುತ್ತೆ."

ಅನುಮತಿಯ ಅರ್ಜಿಗೆ ಇವರ ಗುಣನಡತೆ ಬಲ್ಲವರ ಹೆಸರು ಬೇಕಿತ್ತು. ನನ್ನ ಹೆಸರು ಕೊಟ್ಟರು. ಈತ ಸಿಟ್ಟಿನ ಮನುಷ್ಯನೇ ಎಂಬ ಪ್ರಶ್ನೆಗೆ, "ನಾನು ಇವರ ಪ್ರೋಗ್ರಾಮಿನಲ್ಲಿ ಹದಿನಾರು ವರ್ಷ ತಪ್ಪು ಹುಡುಕಿದ್ದೇನೆ. ಆದರೂ ನಾನು ಬದುಕಿದ್ದೇನೆ," ಎಂದು ಉತ್ತರ ಕೊಟ್ಟೆ. ಅನುಮತಿ ಸಿಕ್ಕಿತು.

ಹಾಗೆ ಬಂದದ್ದು ಟವೆಲ್ ಮೇಲೆ ಮಲಗಿದ್ದ ಈ ಪುಣ್ಯಾತ್ಮ. ಯಾವುದೋ ಊರಿನ ಪೊಲೀಸರು ವರ್ಷಗಟ್ಟಲೆ ಸೊಂಟದಲ್ಲಿಟ್ಟುಕೊಂಡು, ಹೊಸ ಮಾಡೆಲ್ ಬಂದ ಕೂಡಲೇ ಅಂಗಡಿಗೆ ವಾಪಸ್ ಕೊಟ್ಟದ್ದು. ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ಅಂಚುಗಳಲ್ಲಿ ಕಪ್ಪು ಹೋಗಿ ಬೆಳ್ಳಗಾಗಿತ್ತು, ನಮ್ಮಿಬ್ಬರ ಕಿವಿಯ ಪಕ್ಕದ ಕೂದಲಿನ ಹಾಗೆ.

"ಇದೂ ಲೇ ಆಫ್ ಆಗಿರೋದೇ," ಎಂದರು ಅನ್ವರ್ ಭಾಯಿ. "ಪರೀಕ್ಷೆ ದಿನ ಕೈ ಕೊಟ್ರೆ ಏನ್ ಗತಿ ಅಂತ."

ಈ ಮಾತು ನನ್ನ ಕಿವಿಗೆ ಬೀಳಬಾರದಿತ್ತು. ಬಿತ್ತು!

"ಅನ್ವರ್ ಭಾಯಿ," ಎಂದೆ ಎದೆಯುಬ್ಬಿಸಿ, "ನಾನಿರೋದು ಯಾಕೆ? ಟೆಸ್ಟಿಂಗ್ ಅನ್ನೋದು ಟೆಸ್ಟಿಂಗೇ. ಬ್ಯಾಂಕಿನ ಸಾಫ್ಟ್‌ವೇರ್ ಆದ್ರೇನು, ಪಿಸ್ತೂಲಾದ್ರೇನು? ಇದನ್ನ ಡಬ್ಬಗಟ್ಟಲೆ ಗುಂಡು ಹಾಕಿ ಸುಟ್ಟು, ಪೂರ್ತಿ ಮೌಲ್ಯಮಾಪನ ಮಾಡಿ, ನಿಮಗೊಂದು ರಿಪೋರ್ಟ್ ಕೊಡ್ತೀನಿ."

"ರೀ," ಎಂದಳು ಸುಧಾ, "ನಿಮಗೆ ದೀಪಾವಳಿ ಲಕ್ಷ್ಮಿ ಪಟಾಕಿ ಹಚ್ಚೋಕೂ ಭಯ."

"ಅದು ಬೇರೆ ಇಲಾಖೆ!" ಎಂದೆ.

ಹೀಗೆ ಮೌಲ್ಯಮಾಪನ ಆರಂಭವಾಯಿತು. ಗುಂಡು ಹೊಡೆಯುವ ಒಳಾಂಗಣವೊಂದು ಹತ್ತಿರದಲ್ಲೇ ಇತ್ತು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಕನ್ನಡಕದ ಮೇಲೆ ಕನ್ನಡಕ. ಅನ್ವರ್ ಭಾಯಿ ಮೊದಲು ಹೊಡೆದರು. ಅವರ ಕೈ ಪ್ರೋಗ್ರಾಮರ್ ಕೈ. ನಿಧಾನ, ಸ್ಥಿರ. ಕಾಗದದ ಮನುಷ್ಯನ ಎದೆಯಲ್ಲಿ ತೂತುಗಳು ಅಚ್ಚುಕಟ್ಟಾಗಿ ಒಂದೆಡೆ ಕೂತವು. ನನಗೆ ಸಂತೋಷವೂ ಹೊಟ್ಟೆಕಿಚ್ಚೂ ಒಟ್ಟಿಗೆ ಆಯಿತು.

ನನ್ನ ಸರದಿ ಬಂತು. ಅದು ದೊಡ್ಡ ಸೈಜಿನ ಪಿಸ್ತೂಲು, ದೊಡ್ಡ ಕೈಯ ಪೊಲೀಸರಿಗೆಂದು ಮಾಡಿದ್ದು. ನನ್ನ ಕೈ ತುಪ್ಪದ ಮಿಳ್ಳೆ ಹಿಡಿಯುವುದಕ್ಕೆ ಸರಿಯಾದ ಕೈ. ಎರಡು ಕೈಯಲ್ಲಿ ಹಿಡಿದು, ಮನೆದೇವರನ್ನು ನೆನೆದು, ಒತ್ತಿದೆ. ಆಕಾಶವೇ ಒಡೆದಂತಾಯಿತು! ಕಣ್ಣು ತೆರೆದು ನೋಡಿದರೆ ನನ್ನ ಕಾಗದದ ಮನುಷ್ಯ ಆರೋಗ್ಯವಾಗಿದ್ದ. ಪಕ್ಕದ ಸಾಲಿನಲ್ಲಿ ಹೊಡೆಯುತ್ತಿದ್ದ ಹೆಂಗಸು ತನ್ನ ಕಾಗದದ ಮನುಷ್ಯನ ಕಿವಿಯಲ್ಲಿ ಹೊಸ ತೂತು ಮೂಡಿದ್ದನ್ನು ಕಂಡು ನನ್ನ ಕಡೆ ತಿರುಗಿದಳು. ನಾನು ಛಾವಣಿಯ ಕಡೆ ನೋಡಿದೆ.

ಪ್ರತಿ ಗುಂಡು ಹಾರಿದಾಗಲೂ ಬಿಸಿಬಿಸಿ ಹಿತ್ತಾಳೆಯ ಖಾಲಿ ಕೊಳವೆ ಬಲಗಡೆಗೆ ಚಿಮ್ಮುತ್ತದೆ. ಗೋಡೆಗೆ ಬಡಿದು ಒಂದು ನೇರವಾಗಿ ನನ್ನ ಕಾಲರಿನೊಳಗೆ ಬಂತು. ಕೆಳಗೆ ಬಿದ್ದುಹೋಗಬೇಕಿತ್ತು. ಬೇರೆಯವರದ್ದಾಗಿದ್ದರೆ ಬಿದ್ದುಹೋಗುತ್ತಿತ್ತು. ನನ್ನದು ಜನಿವಾರಕ್ಕೂ ಬನಿಯನ್ನಿಗೂ ನಡುವೆ ಸಿಕ್ಕಿಕೊಂಡು, ಬೆನ್ನಿನ ಮೇಲೆ ಬಜ್ಜಿ ಕರಿದಂತೆ ಕರಿಯತೊಡಗಿತು! ನಾನು ಕುಣಿದೆ. ಅನ್ವರ್ ಭಾಯಿ ಒಂದೇ ನೆಗೆತಕ್ಕೆ ಬಂದು ನನ್ನ ಮಣಿಕಟ್ಟು ಹಿಡಿದು, ಪಿಸ್ತೂಲಿನ ಮೂತಿ ಮುಂದಕ್ಕೇ ಇರುವಂತೆ ಒತ್ತಿಹಿಡಿದು, "ಬಿಡಿ, ಬಿಡಿ, ಮೇಜಿನ ಮೇಲೆ ಇಡಿ," ಎಂದು ಮಗುವಿಗೆ ಹೇಳುವ ಹಾಗೆ ಹೇಳಿದರು. ಅವತ್ತಿನಿಂದ ಹೊಡೆಯುವುದು ಅವರು, ಬರೆದುಕೊಳ್ಳುವುದು ನಾನು ಎಂದು ತೀರ್ಮಾನವಾಯಿತು.

ಬೇಸಿಗೆ ಕಳೆಯಿತು. ಗುಂಡಿನ ಡಬ್ಬಗಳು ಖಾಲಿಯಾಗುತ್ತಾ ಹೋದವು. ಪಿಸ್ತೂಲು ಮಾತ್ರ ಒಮ್ಮೆಯೂ ತಡವರಿಸಲಿಲ್ಲ. ಹತ್ತಿರದಿಂದ ಹೊಡೆದರು, ದೂರದಿಂದ ಹೊಡೆದರು, ಎಡಗೈಯಲ್ಲಿ ಹೊಡೆದರು. ಬೇಕೆಂದೇ ಕೊಳೆ ತೆಗೆಯದೆ ಹೊಡೆದರು. ಹಿಡಿಯ ಮೇಲೆ ಗೀರು ಬಿದ್ದವೇ ಹೊರತು ಬಿರುಕು ಬಿಡಲಿಲ್ಲ. ಅನ್ವರ್ ಭಾಯಿಯೂ ಬದಲಾದರು. ಬಸ್ ಸ್ಟಾಪಿಗೆ ಹೋಗುವುದು ನಿಂತಿತು. ಗುಂಡು ಹೊಡೆದು ಬರುವಾಗ ಕಾರಿನಲ್ಲಿ ಹಳೆಯ ಹಾಡು ಗುನುಗುವರು. "ಮೂರ್ತಿಗಳೇ, ಇವತ್ತು ಎಲ್ಲಿ ತಪ್ಪು ಹುಡುಕಿದ್ರಿ?" ಎನ್ನುವರು. ನಾನು ಬೈಯುವೆ. ಅವರು ನಗುವರು. ಬಸ್ಸಿನ ದಿನಗಳು ವಾಪಸ್ ಬಂದ ಹಾಗಿತ್ತು.

ಪಿಸ್ತೂಲನ್ನು ಬಿಚ್ಚಿ ಒರೆಸಿ ಎಣ್ಣೆ ಹಾಕುವುದು ಗರಾಜಿನಲ್ಲಿ ನಡೆಯುತ್ತಿತ್ತು. ಅಂಗಡಿಯಿಂದ ತಂದ ಎಣ್ಣೆಯ ವಾಸನೆ ಘಾಟು. ಶಾಹೀನ್‌ಗೆ ಅರೆತಲೆನೋವು. ಒಂದು ದಿನ ಅವರು ಬಾಗಿಲಲ್ಲಿ ನಿಂತು, ಸೆರಗು ಮೂಗಿಗೆ ಒತ್ತಿಕೊಂಡು ಹೇಳಿದರು: "ಅಣ್ಣಾ, ನಿಮಗೆ ಕೈ ಮುಗೀತೀನಿ. ಇದೊಂದು ವಾಸನೆ ಬೇಡ. ರಾತ್ರಿಯೆಲ್ಲ ತಲೆ ಸಿಡಿಯುತ್ತೆ."

ನನಗೆ ತಕ್ಷಣ ಹೊಳೆಯಿತು. ನಾನು ತಿಪಟೂರಿನವನೆಂದು ಆಗಲೇ ಹೇಳಿದ್ದೇನೆ. ನಮ್ಮಲ್ಲಿ ಕೊಬ್ಬರಿ ಎಣ್ಣೆ ಎಂದರೆ ಬರೀ ಎಣ್ಣೆಯಲ್ಲ. ನಮ್ಮಜ್ಜಿ ಅದನ್ನು ತಲೆಗೆ ಹಚ್ಚುವಳು, ಮೊಣಕಾಲಿಗೆ ಹಚ್ಚುವಳು, ಹೊಲಿಗೆ ಮಿಷಿನ್ನಿಗೆ ಬಿಡುವಳು, ಬಾಗಿಲಿನ ತಿರುಗಣಿಗೆ ಬಿಡುವಳು, ಈಳಿಗೆಮಣೆಗೆ ಸವರುವಳು, ಅಳುವ ಮಗುವಿನ ನೆತ್ತಿಗೆ ತಟ್ಟುವಳು. ಅವಳ ಕೈಯಲ್ಲಿ ಕಿರುಗುಟ್ಟಿದ್ದು ಯಾವುದೂ ಇಲ್ಲ.

ಮನೆಗೆ ಓಡಿಹೋಗಿ ಬಾಟಲಿ ತಂದೆ.

"ಇದು ನಡೆಯುತ್ತಾ ಮೂರ್ತಿಗಳೇ?" ಎಂದರು ಅನ್ವರ್ ಭಾಯಿ, ಅನುಮಾನದಿಂದ.

"ಟೆಸ್ಟ್ ಮಾಡೋಣ," ಎಂದೆ.

ಟೆಸ್ಟ್ ಮಾಡಿದೆವು. ಪಿಸ್ತೂಲಿನ ಮೇಲ್ಭಾಗದ ಉಕ್ಕಿನ ಚಪ್ಪಡಿ, ಅದಕ್ಕೆ ಸ್ಲೈಡ್ ಎನ್ನುತ್ತಾರೆ, ಬೆಣ್ಣೆಯ ಮೇಲೆ ಓಡಿದ ಹಾಗೆ ಹಿಂದಕ್ಕೂ ಮುಂದಕ್ಕೂ ಓಡಿತು. ವಾಸನೆಯಿಲ್ಲ, ಘಾಟಿಲ್ಲ. ಗರಾಜೆಲ್ಲ ದೀಪಾವಳಿ ಎಣ್ಣೆನೀರಿನ ಘಮ. ಶಾಹೀನ್ ಒಳಗಿನಿಂದ ಬಂದು ಮೂಸಿ, "ಈಗ ಚೆನ್ನಾಗಿದೆ ಅಣ್ಣಾ," ಎಂದರು. ಅನ್ವರ್ ಭಾಯಿ, "ನಮ್ಮ ಅಮ್ಮೀನೂ ಹೊಲಿಗೆ ಮಿಷಿನ್ನಿಗೆ ಇದನ್ನೇ ಬಿಡ್ತಿದ್ರು," ಎಂದರು. ನನ್ನ ಮಟ್ಟಿಗೆ ಅಲ್ಲಿಗೆ ವಿಜ್ಞಾನ ಸಾಬೀತಾಯಿತು.

ನಾನು ರಿಪೋರ್ಟ್ ಬರೆದೆ. ಬ್ಯಾಂಕಿಗೆ ಬರೆಯುತ್ತಿದ್ದ ಹಾಗೆಯೇ, ಮುಖಪುಟ, ಪೀಠಿಕೆ, ಪರಿಶೀಲನೆ, ಶಿಫಾರಸು ಎಲ್ಲ ಇಟ್ಟು ಬರೆದೆ. 'ದೀರ್ಘಕಾಲದ ಬಳಕೆಯ ನಂತರವೂ ಸದರಿ ಆಯುಧವು ಎಲ್ಲ ಪರಿಸ್ಥಿತಿಗಳಲ್ಲಿಯೂ ವಿಶ್ವಾಸಾರ್ಹವೆಂದು ಈ ಮೂಲಕ ದೃಢೀಕರಿಸಲಾಗಿದೆ.' ಕೆಳಗೆ ನನ್ನ ಸಹಿ. ಕೆಲಸ ಹೋದ ಮೇಲೆ ನಾನು ಒಂದು ಕಾಗದಕ್ಕೆ ಅಷ್ಟು ಚೆನ್ನಾಗಿ ಸಹಿ ಹಾಕಿದ್ದು ಅದೇ ಮೊದಲು. ಅನ್ವರ್ ಭಾಯಿ ಅದನ್ನು ಓದಿ ನನ್ನ ಭುಜ ಹಿಡಿದುಕೊಂಡರು.

'ಎಲ್ಲ ಪರಿಸ್ಥಿತಿಗಳಲ್ಲಿಯೂ'! ನಾವು ಟೆಸ್ಟ್ ಮಾಡಿದ್ದು ಬೇಸಿಗೆಯಲ್ಲಿ ಮತ್ತು ಹೀಟರ್ ಹಾಕಿದ ಒಳಾಂಗಣದಲ್ಲಿ.

ಪರೀಕ್ಷೆ ಜನವರಿಯಲ್ಲಿ ಬಂತು. ಬೆಳಿಗ್ಗೆ ಬೇಗ, ಊರಾಚೆಯ ಬಯಲಿನಲ್ಲಿ. ಹಿಂದಿನ ಸಂಜೆ ನಾನೇ ಕೂತು, ಶುಭಕಾರ್ಯಕ್ಕೆ ಕಡಿಮೆಯಾಗಬಾರದೆಂದು, ಇನ್ನೊಂದು ಕೈ ಧಾರಾಳವಾಗಿ ಎಣ್ಣೆ ಹಚ್ಚಿದೆ. ಅಷ್ಟು ಸಾಲದೆಂದು ಒಂದು ಬುದ್ಧಿಮಾತೂ ಹೇಳಿದೆ. "ಈಗಲೇ ಪೆಟ್ಟಿಗೆಗೆ ಬೀಗ ಹಾಕಿ ಕಾರಿನ ಡಿಕ್ಕಿಯಲ್ಲಿ ಇಟ್ಟುಬಿಡಿ ಅನ್ವರ್ ಭಾಯಿ. ಬೆಳಿಗ್ಗೆ ಗಡಿಬಿಡಿಯಲ್ಲಿ ಮರೆತರೆ?" ಅವರು ಇಟ್ಟರು. ನನ್ನ ಮಾತು ಅವರು ಯಾವಾಗ ಮೀರಿದ್ದಾರೆ?

ಬೆಳಿಗ್ಗೆ ನಾನು ಸ್ನಾನ ಮಾಡಿ ತಲೆಗೆ ಎಣ್ಣೆ ಹಚ್ಚಿಕೊಂಡು ಹೊರಟೆ. ಝೋಯಾ ಬಾಗಿಲಿಗೆ ಬಂದು, "ಗುಡ್ ಲಕ್ ಅಬ್ಬಾ! ಅಂಕಲ್, ಡೋಂಟ್ ಲೆಟ್ ಹಿಮ್ ಬಿ ನರ್ವಸ್," ಎಂದಳು. "ನಾನಿದ್ದೀನಲ್ಲಮ್ಮಾ," ಎಂದೆ.

ಬಯಲಿನಲ್ಲಿ ಗಾಳಿ ಕಿವಿ ಕೊಯ್ಯುತ್ತಿತ್ತು. ಹಿಮ ಗಟ್ಟಿಯಾಗಿ ಬೂಟಿನ ಕೆಳಗೆ ಕರುಮ್ ಕರುಮ್ ಎನ್ನುತ್ತಿತ್ತು. ಸಾಲಿನಲ್ಲಿ ಹತ್ತಾರು ಜನ, ಎಲ್ಲರೂ ನಮ್ಮಂತೆಯೇ ಎಲ್ಲೋ ಏನೋ ಆಗಿದ್ದವರು. ಹಾಜರಾತಿ ಕರೆದ ಪರೀಕ್ಷಕ, ಜಾಗ ಕಡಿಮೆ, ಜನ ಜಾಸ್ತಿ, ಎರಡನೆಯ ಅವಕಾಶ ಇಲ್ಲ ಎಂದು ಮೊದಲೇ ಹೇಳಿಬಿಟ್ಟ. ಅನ್ವರ್ ಭಾಯಿ ಮುಂದೆ ಹೋಗಿ ನಿಂತರು. ನಾನು ಹಗ್ಗದ ಆಚೆ ನಿಂತು ಹೆಬ್ಬೆರಳು ಎತ್ತಿ ತೋರಿಸಿದೆ.

ಮೊದಲ ಗುಂಡು ಹಾರಿತು. ಕಾಗದದ ಎದೆಗೆ ಸರಿಯಾಗಿ ಬಿತ್ತು.

ಎರಡನೆಯದು ಹಾರಲಿಲ್ಲ. ಹಿಂದಕ್ಕೆ ಹೋದ ಸ್ಲೈಡ್ ಮುಂದಕ್ಕೆ ಬರುವಾಗ ಅರ್ಧ ದಾರಿಯಲ್ಲಿ, ಊಟವಾದ ಮೇಲೆ ಮಂಚ ಹತ್ತಲಾರದ ಮುದುಕನ ಹಾಗೆ ನಿಂತುಬಿಟ್ಟಿತು. ಅನ್ವರ್ ಭಾಯಿ ಅಂಗೈಯಿಂದ ತಳ್ಳಿದರು. ಒಂದು ಹಾರಿತು. ಮತ್ತೆ ನಿಂತಿತು. ತಳ್ಳಿದರು. ಪರೀಕ್ಷಕನ ಕೈಯಲ್ಲಿ ಗಡಿಯಾರ ಓಡುತ್ತಿತ್ತು. ಬೇರೆಯವರೆಲ್ಲ ಹೊಡೆದು ಮುಗಿಸಿ ಕೈ ಕೆಳಗಿಳಿಸಿದ್ದರು. ಆ ನಿಶ್ಶಬ್ದದಲ್ಲಿ ಅನ್ವರ್ ಭಾಯಿ ಒಬ್ಬರೇ ತಳ್ಳುತ್ತಿದ್ದರು, ತಳ್ಳುತ್ತಲೇ ಇದ್ದರು.

ಸೀಟಿ ಕೂಗಿತು.

ಪರೀಕ್ಷಕ ಪಿಸ್ತೂಲು ತೆಗೆದುಕೊಂಡು, ಖಾಲಿ ಮಾಡಿ, ಬಿಚ್ಚಿದ. ಒಳಗೆಲ್ಲ ಬೆಳ್ಳಗೆ, ಮೇಣದ ಹಾಗೆ ಏನೋ ಹೆಪ್ಪುಗಟ್ಟಿತ್ತು. ಬೆರಳಿನಿಂದ ಕೆರೆದ. ಮೂಸಿದ. ಇನ್ನೊಮ್ಮೆ ಮೂಸಿದ. ಅವನ ಮುಖದಲ್ಲಿ ಸಮುದ್ರತೀರ ಮೂಡಿತು.

"ಸನ್‌ಟ್ಯಾನ್ ಲೋಷನ್?" ಎಂದ. ಬಿಸಿಲಿಗೆ ಮಲಗುವಾಗ ಈ ದೇಶದವರು ಮೈಗೆ ಹಚ್ಚಿಕೊಳ್ಳುವ ಅದಕ್ಕೂ ಕೊಬ್ಬರಿಯದೇ ಘಮ. "ಪಿಸ್ತೂಲು ತಗೊಂಡು ಬೀಚಿಗೆ ಹೋಗಿದ್ರಾ? ಇದನ್ನ ಹಚ್ಚಿದ್ದು ಯಾರು?"

ನಾನು ಹಗ್ಗದ ಆಚೆಯಿಂದ, ಶಾಲೆಯಲ್ಲಿ ಎತ್ತುವ ಹಾಗೆ, ಕೈ ಎತ್ತಿದೆ.

"ಐ ಡಿಡ್," ಎಂದರು ಅನ್ವರ್ ಭಾಯಿ.

"ನೋ, ಐ ಡಿಡ್!" ಎಂದು ಕೂಗಿದೆ ನಾನು.

"ಇಲ್ಲ ಸಾರ್, ನಾನೇ ಹಚ್ಚಿದ್ದು. ಅವರು ನನ್ನ ಜೊತೆ ಬಂದಿದ್ದಾರೆ ಅಷ್ಟೇ," ಎಂದರು ಅವರು, ಇಂಗ್ಲಿಷಿನಲ್ಲಿ, ನನ್ನ ಕಡೆ ನೋಡದೆ.

ಪರೀಕ್ಷಕ ನಮ್ಮಿಬ್ಬರ ನರೆತ ತಲೆಗಳನ್ನು ಒಮ್ಮೆ ನೋಡಿದ. ಒಳ್ಳೆಯವನೇ ಇರಬೇಕು. ಪಿಸ್ತೂಲನ್ನು ಜೋಡಿಸಿ ಎರಡೂ ಕೈಯಲ್ಲಿ ವಾಪಸ್ ಕೊಟ್ಟ. "ಯಾರೇ ಹಚ್ಚಿರಲಿ," ಎಂದ. ಆಮೇಲೆ, "ನೆಕ್ಸ್ಟ್."

ವಾಪಸ್ ಬರುವಾಗ ಕಾರಿನಲ್ಲಿ ಹೀಟರ್ ಹಾಕಿದೆವು. ಹೆದ್ದಾರಿಯಲ್ಲಿ ವುಡ್‌ಬ್ರಿಡ್ಜ್ ದಾಟಿದೆವು. ಆಮೇಲೆ ಅನ್ವರ್ ಭಾಯಿ ಇದ್ದಕ್ಕಿದ್ದ ಹಾಗೆ ನಗತೊಡಗಿದರು. "ಸನ್‌ಟ್ಯಾನ್ ಲೋಷನ್!" ಎಂದು ಸ್ಟೀರಿಂಗ್ ತಟ್ಟಿ ನಕ್ಕರು. ನಗುತ್ತಾ ನಗುತ್ತಾ ಕಣ್ಣು ಕಾಣಿಸದೆ ಕಾರನ್ನು ಬದಿಗೆ ತಂದು ನಿಲ್ಲಿಸಿದರು. ನಗು ನಿಂತ ಮೇಲೂ ಬಹಳ ಹೊತ್ತು ಅವರು ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

ಮನೆಯಲ್ಲಿ ಸುಧಾ ಎಲ್ಲ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ರೀ, ನಮ್ಮನೆ ಬಾಟಲೀಲಿ ಎಣ್ಣೆ ನವೆಂಬರಿಂದ ಕಲ್ಲಾಗಿ ಕೂತಿರುತ್ತಲ್ಲ?"

"ಹೂಂ."

"ಇವತ್ತು ಬೆಳಿಗ್ಗೆ ಅದನ್ನ ಬಿಸಿನೀರಿನ ಪಾತ್ರೇಲಿ ಇಟ್ಟು ಕರಗಿಸಿದ್ದು ಯಾರು?"

"ನಾನೇ."

"ನಿನ್ನೆ ಸಾಯಂಕಾಲ, ಪಿಸ್ತೂಲಿಗೆ ಹಚ್ಚೋ ಮುಂಚೆ?"

"ನಾನೇ."

ಸುಧಾ ನನ್ನ ತಲೆಯನ್ನು ನೋಡಿದಳು. ಎಣ್ಣೆ ಹಚ್ಚಿದ ಕೂದಲು ಬಯಲಿನ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿ, ಇನ್ನೂ ಅಲ್ಲಲ್ಲಿ ಮುಳ್ಳಿನಂತೆ ನಿಂತಿತ್ತು. ಪುರಾವೆಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಿ, ಹೊತ್ತುಕೊಂಡೇ ಬಂದಿದ್ದೆ! ಅವಳು ಟವೆಲ್ ತಂದು ನನ್ನ ತಲೆ ಒರೆಸಿದಳು. ಒರೆಸುತ್ತಾ ಕಿಟಕಿಯಿಂದ ಪಕ್ಕದ ಮನೆಯ ಕಡೆ ನೋಡಿದಳು. "ಆ ಮಗು ಸ್ಕೂಲಿನ ಕೊನೇ ಪಾರ್ಟಿಗೆ, ಪ್ರಾಮ್‌ಗೆ ಬಟ್ಟೆ ನೋಡಿಟ್ಟಿತ್ತು," ಎಂದಳು.

ಮಾರ್ಚಿನಲ್ಲಿ ಬಾಡಿಗೆ ಟ್ರಕ್ಕು ಬಂತು. ಝೋಯಾ ತನ್ನ ತಟ್ಟೆಯನ್ನು ನಮ್ಮ ಮನೆಯಲ್ಲೇ ಬಿಟ್ಟಳು. "ಐ'ಲ್ ನೀಡ್ ಇಟ್ ವೆನ್ ಐ ಕಮ್, ಆಂಟಿ," ಎಂದಳು. ಸುಧಾ ಚಕ್ಕುಲಿ, ಹುಳಿಪುಡಿ, ಚಟ್ನಿಪುಡಿಗಳ ಜೊತೆ, ಶಾಹೀನ್ ತಲೆನೋವಿಗೆಂದು ಕೊಬ್ಬರಿ ಎಣ್ಣೆಯ ಬಾಟಲಿಯನ್ನೂ ಚೀಲಕ್ಕೆ ಹಾಕಿದ್ದಳು. ನನಗೆ ಗೊತ್ತಿದ್ದರೆ ತೆಗೆಯುತ್ತಿದ್ದೆ. ಅನ್ವರ್ ಭಾಯಿ ಅದನ್ನು ಕೈಗೆತ್ತಿಕೊಂಡು, ತಲೆಕೆಳಗು ಮಾಡಿ ಹಿಡಿದರು. ಹನಿಯೂ ಅಲ್ಲಾಡಲಿಲ್ಲ.

"ಜಾಮ್ ಆಗಿದೆ ಮೂರ್ತಿಗಳೇ," ಎಂದರು.

ಅವರು ನನ್ನನ್ನು ತಬ್ಬಿಕೊಂಡರು. ಟ್ರಕ್ಕು ಬೀದಿಯ ಕೊನೆಯಲ್ಲಿ ಬಸ್ ಸ್ಟಾಪಿನ ಹತ್ತಿರ ಸ್ವಲ್ಪ ನಿಧಾನವಾಯಿತು. ಆಮೇಲೆ ತಿರುಗಿಕೊಂಡಿತು.

ಒಂದೆರಡು ತಿಂಗಳ ಮೇಲೆ ಹ್ಯೂಸ್ಟನ್ನಿನಿಂದ ಫೋನ್ ಬಂತು. ಭಾವನ ಅಂಗಡಿಯಲ್ಲಿ ಕೂರುತ್ತಿದ್ದರು. ಪಿಸ್ತೂಲನ್ನು ಮಾರಿದರಂತೆ.

"ತಗೊಂಡವನು ಹೇಗಿದೆ ಅಂತ ಕೇಳಿದ. ನಿಮ್ಮ ರಿಪೋರ್ಟ್ ಕೊಟ್ಟೆ. ಪೂರ್ತಿ ಓದಿ, ಇಷ್ಟು ಚೆನ್ನಾಗಿ ಟೆಸ್ಟ್ ಮಾಡಿದ್ದನ್ನ ನಾನು ನೋಡೇ ಇಲ್ಲ ಅಂದ ಮೂರ್ತಿಗಳೇ."

"ಎಣ್ಣೆ ವಿಷಯ ಹೇಳಿದ್ರಾ?"

"ಹೇಳಿದೆ. ಇಲ್ಲಿಯ ಸೆಕೆಗೆ ಅದು ಗಟ್ಟಿಯಾಗೋದೇ ಇಲ್ಲ ಅಂದ."

ನಾನು ಫೋನನ್ನು ಸುಧಾಗೆ ಕೊಟ್ಟು ಹೊರಗೆ ಬಂದೆ.

ಆ ವಾರವೇ ಪಕ್ಕದ ಮನೆಗೆ ಹೊಸಬರು ಬಂದರು. ಎಳೆಯ ಗಂಡ ಹೆಂಡತಿ, ಕೈಗೂಸು. ತಿಂಗಳುಗಟ್ಟಲೆ ಮುಚ್ಚಿದ್ದ ಗರಾಜಿನ ಬಾಗಿಲು ತೆಗೆಯುವಾಗ ಕಿರ್‍ರೆಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ಆ ಹುಡುಗ ನಗುತ್ತಾ ಬೇಲಿಯ ಹತ್ತಿರ ಬಂದು, ನಿಮ್ಮ ಹತ್ತಿರ ಸ್ವಲ್ಪ ಎಣ್ಣೆ ಇದೆಯೇ ಎಂದು ಕೇಳಿದ.

ಇಲ್ಲ ಎಂದೆ.